ಬಗ್ಗಿ ದುಡಿದವಳು ನೀನು, ಬಾಗಿದ್ದು ನನ್ನ ಬೆನ್ನು

ದುರುಗಕ್ಕ,

ನೀನಿದ್ದಿದ್ದರೆ ಮೊದಲ ಸಾಲಿಗೇ ನಗುತ್ತಿದ್ದೆ. "ಇನ್ನಾ ಆರಿಲ್ಲೇನಬೇ ಶಿವಿ, ನಿನ್ನ ಹೊಟ್ಟಿಕಿಚ್ಚು?" ಅನ್ನುತ್ತಿದ್ದೆ. ಆರಿಲ್ಲ. ನೀನು ಮಣ್ಣಾಗಿ ಮೂರು ವರ್ಷವಾಯಿತು. ಸತ್ತವರ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಡುತ್ತೇನೆ. ನಿನ್ನ ಬಳೆಗೆ, ಸೀರೆಗೆ ಕರುಬುತ್ತೇನೆ ಅಂತ ನೀನು ಕೊನೆಯವರೆಗೂ ತಮಾಷೆ ಮಾಡಿದೆ. ನಾನು ಕರುಬಿದ್ದು ನಿನ್ನ ಬೆನ್ನಿಗೆ ಅಕ್ಕ. ಅದನ್ನು ನಿನಗೆ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಈಗ ಹೇಳಲೇಬೇಕಾಗಿದೆ. ಹೋದ ವಾರ ಜವಳಗೇರಾದಲ್ಲಿ, ನಿನ್ನದೇ ಮನೆಯ ಪಡಸಾಲೆಯಲ್ಲಿ, ನಿನ್ನ ಅತ್ತೆಯ ಎದುರು ನಿಂತು ನಿನ್ನ ಮೇಲೆ ಒಂದು ಮಾತು ಹಾಕಿ ಬಂದಿದ್ದೇನೆ. ಸುಳ್ಳಲ್ಲ, ಖರೇ ಮಾತೇ. ಆದರೆ ಅದನ್ನು ಹೇಳುವಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ...

ಇರಲಿ, ಮೊದಲಿನಿಂದ ಹೇಳುತ್ತೇನೆ.

ಅಪ್ಪ ತೀರಿಕೊಂಡ ವರ್ಷದ ಮಳೆಗಾಲ ನಿನಗೆ ನೆನಪಿದೆಯಲ್ಲ? ನೀನು ಏಳನೆಯ ತರಗತಿ, ನಾನು ಐದನೆಯದು. ಗುರುಗುಂಟಾ ಸೀಮೆಯ ನಮ್ಮ ಒಣ ಹೊಲದಲ್ಲಿ ಮಾಡಲು ಕೆಲಸವಿರಲಿಲ್ಲ. ಕಾಲುವೆ ಸೀಮೆಗೆ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಅವ್ವ ಹೆಸರು ಕೊಟ್ಟಿದ್ದಳು. ಮನೆಯಿಂದ ಇನ್ನೊಬ್ಬಳು ಬಂದರೆ ಅನುಕೂಲ ಅಂತ ಮೇಸ್ತ್ರಿ ಹೇಳಿಕಳಿಸಿದ್ದ. ಅವ್ವ ಬಾಗಿಲಲ್ಲಿ ನಿಂತು ಒಮ್ಮೆ ನಿನ್ನನ್ನು, ಒಮ್ಮೆ ನನ್ನನ್ನು ನೋಡಿದಳು. ಯಾರು ಅನ್ನುವುದು ಅವಳ ಬಾಯಿಂದ ಹೊರಡಲಿಲ್ಲ. ನೀನೇ ಹೇಳಿದೆ: "ಶಿವಿ ಶಾಣ್ಯಾಕಿ ಅದಾಳ, ಓದ್ಲಿ. ನಾ ಬರ್ತೀನಿ, ನಡಿ ಬೇ." ಪಾಟಿಚೀಲವನ್ನು ಗೂಟಕ್ಕೆ ಹಾಕಿ ಟ್ರ್ಯಾಕ್ಟರ್ ಹತ್ತಿಬಿಟ್ಟೆ. ನಿನ್ನ ಋಣ ನನ್ನ ಮೇಲಿದೆ, ಅದನ್ನು ಯಾವತ್ತೂ ಅಲ್ಲಗಳೆದಿಲ್ಲ. ಆದರೂ ಟ್ರಾಲಿಯಲ್ಲಿ ಅವ್ವನ ತೊಡೆಗೆ ಒರಗಿ ಕೂತ ನಿನ್ನನ್ನು ನೋಡಿದಾಗ ಮೊದಲು ನನ್ನ ಮನಸ್ಸಿಗೆ ಬಂದದ್ದು ಬೇರೆಯೇ. ಅವ್ವ ಇನ್ನು ಮೇಲೆ ಇವಳೊಬ್ಬಳಿಗೇ ಸಿಗುತ್ತಾಳೆ!

ನನ್ನನ್ನು ಲಿಂಗಸುಗೂರಿನ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ನಾನು ಮೆಟ್ರಿಕ್ ಓದುತ್ತಿದ್ದಾಗ ಒಂದು ಮಳೆಗಾಲ ಇಡೀ ಹಾಸ್ಟೆಲಿಗೆ ವಾಂತಿಭೇದಿ ಹತ್ತಿತು. ಉಳಿದ ಹುಡುಗಿಯರು ನಾಲ್ಕೈದು ದಿನಕ್ಕೆ ಎದ್ದು ಓಡಾಡಿದರು, ನಾನು ಮಾತ್ರ ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ನೀನು ಅವ್ವನ ಜೊತೆ ಬಂದಿದ್ದೆ. ನಿನ್ನ ಕಾಲಿನ ಬೆರಳ ಸಂದಿಯಲ್ಲಿ ಕೆಸರು ತಿಂದ ಗಾಯಗಳು. ಕುಂಟುತ್ತಲೇ ಬಂದವಳು ನನ್ನನ್ನು ಎತ್ತಿ ಬಚ್ಚಲಿಗೆ ಒಯ್ದು ಮೈ ತೊಳೆದೆ. "ಹಗುರ ಆಗೀಯಲೇ, ಭತ್ತದ ಸಸಿ ಕಟ್ಟು ಇದ್ದಂಗ ಅದೀ" ಅಂದೆ. ಈ ಮೂರು ವಾರಗಳ ಮಾತನ್ನು ಯಾಕೆ ತೆಗೆದೆ ಅಂತ ಮುಂದೆ ತಿಳಿಯುತ್ತದೆ. ಆಗ ಅದು ಬರೀ ಹೊಟ್ಟೆನೋವು.

ಬೆನ್ನು ಹಿಡಿದದ್ದು ಡಿಗ್ರಿಯ ಎರಡನೆಯ ವರ್ಷದಲ್ಲಿ. ಬೆಳಿಗ್ಗೆ ಎಚ್ಚರವಾದರೆ ಸೊಂಟದ ಕೆಳಗೆ ಹಲಗೆ ಹೊಡೆದಂತೆ ಬಿಗಿದಿರುತ್ತಿತ್ತು. ಏಳಬೇಕೆಂದರೆ ಮಗ್ಗುಲಾಗಿ ಉರುಳಿ, ಕೈಯೂರಿ, ಗೋಡೆ ಹಿಡಿದು... ಇಪ್ಪತ್ತು ವರ್ಷದ ಹುಡುಗಿ! ಒಂದೆರಡು ತಾಸು ಓಡಾಡಿದರೆ ಸಡಿಲವಾಗುತ್ತಿತ್ತು, ಕೂತರೆ ಮತ್ತೆ ಬಿಗಿಯುತ್ತಿತ್ತು. ನೀನು ಆಗಷ್ಟೇ ಜವಳಗೇರಾಕ್ಕೆ ಮದುವೆಯಾಗಿ ಹೋಗಿದ್ದೆ. ರಜೆಗೆ ಬಂದ ನನ್ನನ್ನು ನೋಡಿ, "ಕುಂತು ಕುಂತು ಮೈ ಜಡ್ಡುಗಟ್ಟೈತಿ. ಒಂದಿನ ನನ್ನ ಜೋಡಿ ಗದ್ದಿಗೆ ಬಾ, ಬರೋಬ್ಬರಿ ಆಕ್ಕೈತಿ" ಅಂದೆ. ಬಂದೆ. ದಿನವಿಡೀ ಮೊಣಕಾಲುದ್ದ ಕೆಸರಲ್ಲಿ ಬಗ್ಗಿ ಸಸಿ ಹಚ್ಚಿದೆವು. ಸಂಜೆ ಎಲ್ಲರೂ ಸೊಂಟಕ್ಕೆ ಕೈಯಿಟ್ಟು "ಯವ್ವಾ" ಅನ್ನುತ್ತ ಎದ್ದರು. ನೀನು ಮಾತ್ರ ಬುಗುರಿ ನಿಂತ ಹಾಗೆ ನಿಂತು, ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಸಣ್ಣ ಬದುವಿನ ಮೇಲೆ ನಡೆದುಬಿಟ್ಟೆ. ವಿಚಿತ್ರವೆಂದರೆ ಅಂದು ನನ್ನ ನೋವೂ ಎಷ್ಟೋ ಕಡಿಮೆಯಾಗಿತ್ತು. ನಾನು ಅದನ್ನು ನಿನಗೆ ಹೇಳಲಿಲ್ಲ. ನೀನು ಹೇಳಿದ್ದು ನಿಜವಾಯಿತು ಅಂತ ಒಪ್ಪಿಕೊಳ್ಳಲು ಇಷ್ಟವಿರಲಿಲ್ಲ. ಹಿಂದಿನಿಂದ ನಿನ್ನ ಬೆನ್ನನ್ನೇ ನೋಡುತ್ತ ಬಂದೆ. ಬಗ್ಗಿ ದುಡಿದವಳು ಇವಳು, ಕೂತು ಓದಿದವಳು ನಾನು. ನೋವು ದಾರಿ ತಪ್ಪಿ ನನ್ನ ಹತ್ತಿರ ಬಂದಿತೇ?

ಯಾಕೆ ಬಂತು ಅಂತ ಆಗ ಒಬ್ಬೊಬ್ಬರು ಒಂದೊಂದು ಹೇಳಿದರು. ಹಾಸ್ಟೆಲಿನ ತಣ್ಣನೆಯ ಕಲ್ಲು ನೆಲದ ಮೇಲೆ ಮಲಗಿದ್ದಕ್ಕೆ ವಾಯು ಸೇರಿತು ಅಂದರು ಅವ್ವನ ಗೆಳತಿಯರು. ಬಗ್ಗಿ ಬರೆದದ್ದಕ್ಕೆ ಅಂದರು ಮೇಷ್ಟ್ರು. ಹಿಂದಿನ ಜನ್ಮದ್ದು ಅಂದಳು ಅವ್ವ. ಮನೆಯಲ್ಲಿ ಬುದ್ಧನ ಪಟ ಹಾಕಿ ಎಷ್ಟೋ ವರ್ಷವಾಗಿದ್ದರೂ ಹಿಂದಿನ ಜನ್ಮ ಅವಳ ಬಾಯಿಂದ ಹೋಗಿರಲಿಲ್ಲ. ಕೊನೆಗೆ ದವಾಖಾನೆಯ ಒಬ್ಬ ಡಾಕ್ಟರು ನಮ್ಮ ಊರಿನ ಹೆಸರು ಕೇಳಿದ ಕೂಡಲೇ ಬೋರಿನ ನೀರು ಅಂದರು. ನಮ್ಮ ಕಡೆಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಮೂಳೆಗೆ ಹಿಡಿಯುತ್ತದೆ, ಊರಲ್ಲಿ ಬಾಗಿ ನಡೆಯುವವರು ಎಷ್ಟೋ ಮಂದಿ. ಅಪ್ಪ ನಲವತ್ತಕ್ಕೇ ಬಾಗಿರಲಿಲ್ಲವೇ? ಆ ಮಾತನ್ನು ನಾನು ಸಂತೋಷದಿಂದ ನಂಬಿದೆ ಅಕ್ಕ. ಯಾಕೆ ಗೊತ್ತೇ? ಅದೇ ಬೋರಿನ ನೀರನ್ನು ನೀನೂ ಕುಡಿದು ಬೆಳೆದಿದ್ದೆ. ನಿನ್ನ ಹಲ್ಲಿನ ಮೇಲೂ ಆ ಕಂದು ಗೆರೆ ಇತ್ತು. ನೀನು ನಕ್ಕಾಗಲೆಲ್ಲ ನಾನು ಆ ಗೆರೆ ನೋಡುತ್ತಿದ್ದೆ. ಇವತ್ತಲ್ಲದಿದ್ದರೆ ನಾಳೆ ನಿನಗೂ ಬರುತ್ತದೆ ಅಂತ ಕಾದೆ. ಹಬ್ಬಕ್ಕೆ ಬಂದಾಗಲೆಲ್ಲ "ಅಕ್ಕ, ಸೊಂಟಗಿಂಟ ನೋವೈತೇನು?" ಅಂತ ಕೇಳುತ್ತಿದ್ದೆನಲ್ಲ, ಅದು ನೀನು ತಿಳಿದ ಹಾಗೆ ಕಾಳಜಿಯಾಗಿರಲಿಲ್ಲ.

ನಿನಗೆ ಬರಲೇ ಇಲ್ಲ. ನನಗೆ ಮಸ್ಕಿಯಲ್ಲಿ ಕಚೇರಿ ಕೆಲಸ ಸಿಕ್ಕಿತು, ಹಾಗೆಯೇ ಕುತ್ತಿಗೆಯೂ ಬಿಗಿಯುತ್ತ ಬಂತು. ಮುದಗಲ್ಲಿನ ಕಡೆಯಿಂದ ಹೆಣ್ಣು ನೋಡಲು ಬಂದವರ ನೆನಪಿದೆಯೇ? ಹುಡುಗನ ತಾಯಿ ಪಕ್ಕದಿಂದ ನನ್ನನ್ನು ಕರೆದಳು. ಕತ್ತು ತಿರುಗಲಿಲ್ಲ, ನಾನು ಇಡೀ ಮೈ ತಿರುಗಿಸಿ ನೋಡಿದೆ. "ಭಾಳ ಸೆಟಗೊಂಡಾಕಿ ಕಾಣ್ತಾಳ" ಅಂತ ಹೋದರು. ನೀನು ಅವರ ಬೆನ್ನ ಹಿಂದೆ ಬೈದು ನನ್ನನ್ನು ನಗಿಸಲು ನೋಡಿದೆ. ಆ ಹೊತ್ತಿಗೆ ನಿನ್ನ ಗಂಡ ಹನುಮಂತ ಮಾಮ ಅಂಗಳದಲ್ಲಿ ನಿನ್ನ ಮಗಳು ಸುಜಾತಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿಸುತ್ತಿದ್ದ. ನಗು ಹೇಗೆ ಬರಬೇಕು?

ಹುಬ್ಬಳ್ಳಿಯ ಕೀಲು ಡಾಕ್ಟರ ಹತ್ತಿರ ಹೋದಾಗ ನೀನೇ ಜೊತೆಗೆ ಬಂದಿದ್ದೆ. ನನಗಾಗ ಮೂವತ್ತೊಂದು. ಅವರು ರಕ್ತ ನೋಡಿ, ಚಿತ್ರ ತೆಗೆಸಿ, ಒಂದು ಉದ್ದನೆಯ ಹೆಸರು ಹೇಳಿದರು: ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನೀನು ಅದನ್ನು ಬಸ್ಸಿನುದ್ದಕ್ಕೂ "ಅಂಕಲಗಿ ಪಾಂಡು" ಮಾಡಿಕೊಂಡು ಬಂದೆ. ಬೆನ್ನುಮೂಳೆಯ ಕೀಲುಗಳಲ್ಲಿ ಮೈ ತಾನೇ ಉರಿಯೂತ ಎಬ್ಬಿಸುತ್ತದೆ, ಉರಿದ ಜಾಗದಲ್ಲಿ ಹೊಸ ಮೂಳೆ ಬೆಳೆದು ಒಂದಕ್ಕೊಂದು ಬೆಸೆದುಕೊಳ್ಳುತ್ತದೆ ಅಂದರು. ನನ್ನ ಕುತ್ತಿಗೆಯಲ್ಲಿ ಆಗಲೇ ಎರಡು ಬೆಸೆದಿದ್ದವು.

"ನೀರಿನಿಂದ ಅಲ್ಲರೀ ಸರ್?" ಅಂತ ಕೇಳಿದೆ.

"ಅಲ್ಲಮ್ಮ. ನೀರಿನದು ಬೇರೆ. ಕೂತಿದ್ದಕ್ಕೂ ಅಲ್ಲ, ತಂಪಿಗೂ ಅಲ್ಲ. ಇದು ಸ್ವಲ್ಪ ಮಟ್ಟಿಗೆ ಮನೆತನದಿಂದ ಬರೋದು. ರಕ್ತದಾಗ ಒಂದು ಗುರುತು ಇರ್ತದ, ಬಿ ಟ್ವೆಂಟಿಸೆವೆನ್ ಅಂತೀವಿ. ನಿಮಗ ಅದ ಅದು."

"ಅದೇ ಕಾರಣನ್ರೀ?"

"ಅದೊಂದೇ ಅಲ್ಲ. ಆ ಗುರುತು ಇದ್ದವರೊಳಗ ಬಹಳ ಮಂದಿಗೆ ಏನೂ ಆಗೋದಿಲ್ಲ. ಅದನ್ನ ಮತ್ತೇನೋ ಎಬ್ಬಿಸಬೇಕು. ಕರುಳಿನ ಸೋಂಕು ಇರಬಹುದು, ಕರುಳಿನಾಗಿನ ಸೂಕ್ಷ್ಮಜೀವಿಗಳು ಇರಬಹುದು ಅಂತ ಅನುಮಾನ ಅದ. ಖಚಿತ ಯಾರಿಗೂ ಗೊತ್ತಿಲ್ಲ."

ಆಮೇಲೆ ಅವರು ನಿನ್ನ ಕಡೆ ತಿರುಗಿ, "ನಿಮಗೇನಾದ್ರೂ ಬೆನ್ನು ನೋವು ಅದೇನಮ್ಮ?" ಅಂದರು. ನೀನು ಸೆರಗು ಬಾಯಿಗಿಟ್ಟು ನಕ್ಕೆ. "ನಂಗ್ಯಾಕ ಬರ್ತೈತ್ರಿ ಸರ್, ನಾ ದುಡಿಯಾಕಿ!" ನೀನು ಏನೂ ಕೆಟ್ಟದ್ದು ಮನಸ್ಸಿನಲ್ಲಿಟ್ಟು ಹೇಳಿದವಳಲ್ಲ. ಆದರೆ ನಾನು ದುಡಿಯದವಳು ಅಂತಲೇ ಕೇಳಿಸಿತು ನನಗೆ. ನೋವಿಲ್ಲದವಳ ರಕ್ತ ಯಾಕೆ ನೋಡಬೇಕು ಅಂತ ಡಾಕ್ಟರು ಬಿಟ್ಟರು. ನನಗೆ ಮಾತ್ರ ಅಂದಿನಿಂದ ಹಾಸ್ಟೆಲಿನ ಆ ಮೂರು ವಾರ ತಲೆಯಿಂದ ಹೋಗಲಿಲ್ಲ. ಅಂದು ಬಾಗಿಲಲ್ಲಿ ನಿಂತ ಅವ್ವ ನನ್ನನ್ನು ಟ್ರ್ಯಾಕ್ಟರ್ ಹತ್ತಿಸಿ ನಿನ್ನನ್ನು ಹಾಸ್ಟೆಲಿಗೆ ಕಳಿಸಿದ್ದರೆ? ಆ ಭೇದಿ ನಿನಗೆ ಹತ್ತಿದ್ದರೆ? ಹಾಗೆ ಲೆಕ್ಕ ಹಾಕಲು ಬರುವುದಿಲ್ಲ, ಅದು ಬರೀ ಅನುಮಾನ ಅಂತ ಡಾಕ್ಟರು ಹೇಳಿದ್ದರು. ಆದರೂ ಹಾಕಿದೆ. ನೀನು ನನಗೆ ಓದು ಕೊಟ್ಟು ಬೆನ್ನು ಇಟ್ಟುಕೊಂಡೆ ಅಂತ ಎಷ್ಟೋ ಬೆಳಗು ಗೋಡೆ ಹಿಡಿದು ಏಳುವಾಗ ನಿನ್ನನ್ನು ಬೈದಿದ್ದೇನೆ.

ನಿನ್ನ ಕೊನೆಯ ದಿನದ್ದು ಬರೆಯಲು ಕೈ ಹಿಂದೇಟು ಹಾಕುತ್ತಿದೆ. ಡೆಂಗಿ ಜ್ವರ, ಐದೇ ದಿನ. ರಾಯಚೂರಿನಿಂದ ನಿನ್ನನ್ನು ತಂದು ಅಂಗಳದಲ್ಲಿ ಮಲಗಿಸಿದರು. ಮೀಸಲು ನೀರು ಹಾಕಲು ನಾಲ್ವರು ಹೆಂಗಸರು ಬೇಕಿತ್ತು, ನಾನೊಬ್ಬಳು ನಿಂತೆ. ನಿನ್ನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ನೀರು ಹಾಕುವಾಗ ನಿನ್ನ ಜೊತೆ ನಾಟಿಗೆ ಬರುತ್ತಿದ್ದ ಮುದುಕಿ ಅಂದಳು: "ನೋಡ್ರೆವ್ವಾ, ಇಪ್ಪತ್ತೆಂಟು ವರ್ಷ ಕೆಸರಾಗ ಬಗ್ಗ್ಯಾಳ. ಎಂಥಾ ನೆಟ್ಟನ ಬೆನ್ನು ಅಕೀದು!" ಎಲ್ಲರೂ ಅತ್ತರು. ನನ್ನ ಕೈಯಲ್ಲಿ ತಂಬಿಗೆ ಇತ್ತು. ಬಗ್ಗಿ ನೀರು ಹಾಕಲು ನನಗೆ ಆಗುತ್ತಿರಲಿಲ್ಲ, ನಿಂತೇ ಮೇಲಿನಿಂದ ಸುರಿದೆ. ಆಗಲೂ ಬಂತು ಅಕ್ಕ, ಅದೇ ಹೊಟ್ಟೆಕಿಚ್ಚು. ಸತ್ತ ನಿನ್ನ ಮೇಲೆ! ಇದನ್ನು ಯಾರಿಗೆ ಹೇಳಲಿ?

ಇನ್ನು ನಿನಗೆ ಗೊತ್ತಿಲ್ಲದ ಸಂಗತಿ. ಸುಜಾತಾ ನನ್ನ ಹತ್ತಿರ ಮಸ್ಕಿಯಲ್ಲೇ ಇದ್ದು ಡಿಗ್ರಿ ಓದುತ್ತಿದ್ದಾಳೆ. ಈ ಬೇಸಿಗೆಯಲ್ಲಿ ಅವಳ ಎಡಗಣ್ಣು ಕೆಂಪಾಯಿತು. ಬೆಳಕು ನೋಡಲಾರದೆ ಸೆರಗು... ಅವಳಿಗೆಲ್ಲಿ ಸೆರಗು, ವೇಲು ಮುಚ್ಚಿಕೊಂಡು ಕೂತಳು. ಮೊಬೈಲ್ ನೋಡಿ ನೋಡಿ ಅಂತ ನಾನೂ ಬೈದೆ. ಸಿಂಧನೂರಿನ ಕಣ್ಣಿನ ಡಾಕ್ಟರಮ್ಮ ದೀಪ ಹಾಕಿ ನೋಡಿ, ಕಣ್ಣಿನ ಒಳಗೆ ಉರಿಯೂತವಿದೆ ಅಂದರು. ಔಷಧಿ ಬರೆಯುತ್ತ ಸುಮ್ಮನೆ ಕೇಳಿದ ಹಾಗೆ ಕೇಳಿದರು: "ಬೆಳಿಗ್ಗೆ ಎದ್ದಾಗ ಸೊಂಟ ಹಿಡಿಯುತ್ತಾ?" ಸುಜಾತಾ ನನ್ನ ಮುಖ ನೋಡಿದಳು. "ಆರು ತಿಂಗಳಾತ್ರಿ. ಚಿಗವ್ವ ಫಿಕರ್ ಮಾಡ್ತಾಳಂತ ಹೇಳಿಲ್ಲ" ಅಂದಳು. ನನ್ನ ಈ ಬೇನೆ ಕೆಲವರಿಗೆ ಕಣ್ಣಿನಲ್ಲೂ ಉರಿ ಎಬ್ಬಿಸುತ್ತದೆ ಅಂತ ಆಮೇಲೆ ಅವರೇ ಹೇಳಿದರು. ಅವಳು ಬೆಳಿಗ್ಗೆ ತಡವಾಗಿ ಏಳುತ್ತಾಳೆ ಅಂತ ದಿನಾ ಗೊಣಗುತ್ತಿದ್ದವಳು ನಾನೇ. ಹದಿನೆಂಟು ತುಂಬಿದ ಹುಡುಗಿ ಗೋಡೆ ಹಿಡಿದು ಏಳುತ್ತಿದ್ದದ್ದು ನನಗೇ ಕಾಣಲಿಲ್ಲ. ಬೇರೆ ಯಾರಿಗೆ ಕಾಣಬೇಕಿತ್ತು?

ಹುಬ್ಬಳ್ಳಿಗೆ ಹೋದೆವು, ಮಾಮನೂ ಬಂದ. ಸುಜಾತಾಳ ರಕ್ತದಲ್ಲಿ ಅದೇ ಗುರುತು. ಮೂಳೆ ಇನ್ನೂ ಬೆಸೆದಿಲ್ಲ, ಉರಿಯೂತ ಈಗಷ್ಟೇ ಶುರುವಾಗಿದೆ, ಸಮಯಕ್ಕೆ ಬಂದಿದ್ದೀರಿ ಅಂದರು ಡಾಕ್ಟರು. ಮಾಮ ತೋಳು ಏರಿಸಿ ಕೂತುಬಿಟ್ಟ. "ನಂದೂ ನೋಡ್ರಿ ಸರ್." ಅದರಿಂದ ಚಿಕಿತ್ಸೆಗೆ ಏನೂ ಉಪಯೋಗವಿಲ್ಲ ಅಂತ ಅವರು ಎಷ್ಟು ಹೇಳಿದರೂ ಕೇಳಲಿಲ್ಲ. ಹೊರಗೆ ಬೆಂಚಿನ ಮೇಲೆ ನನಗೆ ಮೆಲ್ಲಗೆ ಅಂದ: "ನನ್ನತ್ರ ಇದ್ರ ನಂದೇ ಅಂತ ಹೇಳಿಬಿಡಬೋದು ನೋಡ. ಸತ್ತಾಕೀ ಹೆಸರು ಯಾಕ ಬರಬೇಕು?" ಅವನಲ್ಲಿ ಇರಲಿಲ್ಲ ಅಕ್ಕ. ಅಂದರೆ ನಿನ್ನಲ್ಲಿತ್ತು. ನನ್ನಲ್ಲಿದ್ದದ್ದೇ ನಿನ್ನಲ್ಲೂ ಇತ್ತು. ನಲವತ್ತೊಂದು ವರ್ಷ ನಿನ್ನೊಳಗೆ ಅದು ಒಮ್ಮೆಯೂ ಕಣ್ಣು ತೆರೆಯದೆ ಮಲಗಿತ್ತು. ನನಗೆ ಆಗ ದುಃಖವಾಗಬೇಕಿತ್ತು. ಸಿಟ್ಟು ಬಂತು. ಅದೇ ರಕ್ತ, ಅದೇ ನೀರು, ಆದರೂ ನೀನು ಪಾರಾದೆ. ಸತ್ತ ಮೇಲೂ ನಿನ್ನ ಹೆಸರು ಕಾಯಲು ಒಬ್ಬ ಗಂಡ ತೋಳು ಚಾಚಿ ಕೂತಿದ್ದಾನೆ!

ಹೋದ ವಾರ ವಿಷಯ ತಿಳಿಸಲು ಮೂವರೂ ಜವಳಗೇರಾಕ್ಕೆ ಹೋದೆವು. ನಿನ್ನ ಅತ್ತೆ ನನಗೆ ನೀರು ಸಹ ಕೊಡಲಿಲ್ಲ. "ನಿನ್ನ ಮನ್ಯಾಗ ಇಟ್ಕೊಂಡು ನಿನ್ನ ಬ್ಯಾನಿ ನಮ್ಮ ಕೂಸಿಗೆ ಅಂಟಿಸಿದಿ. ಒಂದ ತಾಟು, ಒಂದ ಹಾಸಿಗಿ. ನಮ್ಮ ಮನಿತನದಾಗ ಯಾರಿಗರ ಇತ್ತೇನಿದು? ಇವತ್ತ ಇಲ್ಲೇ ಬಿಟ್ಟು ಹೋಗು ಅಕೀನ್ನ" ಅಂದಳು. ಸುಜಾತಾಳನ್ನು ಬಿಟ್ಟು ಹೋಗುವುದೇ? ಅಲ್ಲಿ ಬಿಟ್ಟರೆ ನಾಟಿ ವೈದ್ಯ, ತಾಯತ, ಕೊನೆಗೆ ನನ್ನ ಹಾಗೆ ಗೋಡೆ ಹಿಡಿದು ಏಳುವ ಬಾಳು. ಆ ಹೆದರಿಕೆಯಿಂದಲೇ ಹೇಳಿದೆ ಅಂತ ಬೇರೆಯವರಿಗೆ ಹೇಳಬಲ್ಲೆ. ನಿನಗೆ ಹೇಳಲಾರೆ. ಅಷ್ಟು ವರ್ಷ ನುಂಗಿದ್ದೆಲ್ಲ ಒಂದೇ ಸಲ ಬಾಯಿಗೆ ಬಂತು.

"ಅಂಟೋ ಬ್ಯಾನಿ ಅಲ್ಲ ಇದು. ನನ್ನಿಂದ ಬಂದಿಲ್ಲ. ನಿಮ್ಮ ಸೊಸಿಯಿಂದ ಬಂದೈತಿ. ದುರುಗಕ್ಕನ ರಕ್ತದಾಗ ಇತ್ತಿದು!"

"ಸತ್ತಾಕೀ ಮ್ಯಾಲ ಹಾಕ್ತಿ? ನಾಲಗಿ ಬಿದ್ದು ಹೋಗಲಿ ನಿನ್ನ!"

ಮಾಮ ತಲೆ ಎತ್ತದೆ ಹೇಳಿದ: "ಅಕಿ ಸುಳ್ಳು ಹೇಳಾಕತ್ತಿಲ್ಲ ಬೇ. ನಂದೂ ನೋಡಿಸೀನಿ. ನನ್ನತ್ರ ಇಲ್ಲ."

ನನ್ನ ಎದೆಯಲ್ಲಿ ತಂಪು ಸುರಿದ ಹಾಗಾಗಿತ್ತು. ಕೊನೆಗೂ ನಿನ್ನ ಬೆನ್ನಿನ ಮೇಲೆ ಒಂದು ಭಾರ ಹೊರಿಸಿದ್ದೆ. ಆಗ ಒಳಗಿನಿಂದ ಸುಜಾತಾ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಳುತ್ತಾಳೆ ಅಂದುಕೊಂಡೆ.

"ಹಂಗಾದ್ರ ಇದು ಅವ್ವಂದಾ?" ಅಂದಳು.

"ಹೂಂ" ಅಂದೆ.

"ಅವ್ವನ ಸೀರಿ ಎಲ್ಲಾ ಹಂಚಿಬಿಟ್ರಿ. ಫೋನು ಕೆಟ್ಟಮ್ಯಾಲ ಅದರಾಗಿನ ಅಕೀ ಮಾತೂ ಹೋದ್ವು. ನಂಗ ಅವ್ವಂದು ಏನೂ ಉಳದಿಲ್ಲ ಅನ್ಕೊಂಡಿದ್ದೆ." ಯಾರನ್ನೂ ನೋಡದೆ, "ಬ್ಯಾನಿ ಅಂತ ಗೊತ್ತೈತಿ ನಂಗ. ಬ್ಯಾಡಾಗಿತ್ತು. ಆದ್ರೂ ಅಕೀದು" ಅಂದಳು.

ನಿನ್ನ ಅತ್ತೆ ಎದ್ದು ಬಂದು ಮೊಮ್ಮಗಳ ಬೆನ್ನಿನ ಮೇಲೆ ಕೈಯಿಟ್ಟು ನಿಂತುಬಿಟ್ಟಳು. ಆ ಕೈ ಅಲ್ಲೇ ಸವರುತ್ತಿತ್ತು, ಏನನ್ನೋ ಹುಡುಕುವ ಹಾಗೆ. ಆಮೇಲೆ ನನಗೆ ನೀರು ತಂದುಕೊಟ್ಟಳು. ಕರೆದುಕೊಂಡು ಹೋಗು ಅಂತ ಬಾಯಿಂದ ಹೇಳಲಿಲ್ಲ, ಸುಜಾತಾಳ ಚೀಲಕ್ಕೆ ಶೇಂಗಾಹಿಂಡಿ ಕಟ್ಟಿಕೊಟ್ಟಳು.

ಹಿಂತಿರುಗುವಾಗ ಬಸ್ಸು ಬಳಗಾನೂರು ದಾಟಿತ್ತು. ಸುಜಾತಾ ಕಿಟಕಿಯ ಕಡೆ ನೋಡುತ್ತಿದ್ದವಳು ತಟ್ಟನೆ ತಿರುಗಿದಳು. "ಚಿಗವ್ವ, ನಿನ್ನೊಳಗೂ ಐತಲ್ಲ ಅದು. ಅಪ್ಪ ಸುಮ್ಮ ತೋಳು ಚುಚ್ಚಿಸ್ಕೊಂಡ. ಅಕೀದು ನಿನ್ನತ್ರ ಮೊದಲಿಂದ ಇತ್ತು ನೋಡು" ಅಂದಳು. ನಾನು ಕತ್ತು ತಿರುಗಿಸಲಾರೆ, ಇಡೀ ಮೈ ತಿರುಗಿಸಿ ಅವಳನ್ನು ನೋಡಿದೆ. ಕಾರಣ ಕಾರಣ ಅಂತ ಇಪ್ಪತ್ತು ವರ್ಷ ಹುಡುಕಿದ್ದೇನೆ ಅಕ್ಕ. ಯಾರ ಮೇಲೆ ಹಾಕಲಿ ಅಂತಲೇ ಹುಡುಕಿದೆ. ಅದು ಒಬ್ಬರಿಂದೊಬ್ಬರಿಗೆ ಬಂದದ್ದು ಅನ್ನುವ ಮಾತಿನಲ್ಲಿ ತಪ್ಪು ಮಾತ್ರ ಕಂಡಿತ್ತು ನನಗೆ. ಈ ಹುಡುಗಿಗೆ ಅದರಲ್ಲಿ ನೀನು ಕಂಡೆ.

ಈಗ ಅವಳಿಗೆ ಔಷಧಿ ನಡೆದಿದೆ. ಕಣ್ಣು ತಿಳಿಯಾಗಿದೆ. ಬೆಳಿಗ್ಗೆ ಇಬ್ಬರೂ ಚಾಪೆ ಹಾಸಿಕೊಂಡು ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತೇವೆ. ಅವಳ ಕೈಬೆರಳು ನೆಲ ಮುಟ್ಟುತ್ತವೆ, ನನ್ನವು ಮೊಣಕಾಲಿನ ಹತ್ತಿರವೇ ನಿಲ್ಲುತ್ತವೆ. ಅವಳ ಬೆನ್ನು ಬೆಸೆಯಲು ನಾನು ಬಿಡುವುದಿಲ್ಲ, ಇಷ್ಟು ಮಾತು ಕೊಡುತ್ತೇನೆ. ಹೊಟ್ಟೆಕಿಚ್ಚು ಹೋಯಿತು ಅಂತ ಮಾತು ಕೊಡಲಾರೆ. ನಿನ್ನೆ ಅವಳು ಬಗ್ಗಿ ಎದ್ದು ನೆಟ್ಟಗೆ ನಿಂತಾಗ ಒಂದು ಗಳಿಗೆ ಅವಳ ಮೇಲೂ ಬಂತು.

ಚಿಕ್ಕಂದಿನಿಂದ ನಿನಗೆ ಹೆಚ್ಚು, ನನಗೆ ಕಡಿಮೆ ಅಂತಲೇ ಅಳುತ್ತ ಬಂದವಳು ನಾನು. ಅಪ್ಪನೋ ಅವ್ವನೋ, ಯಾರೋ ಒಬ್ಬರು ನಮ್ಮಿಬ್ಬರಿಗೂ ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡದೆ ಹಂಚಿದ್ದು ಇದೊಂದೇ ಇರಬೇಕು. ಇದನ್ನು ತಿಳಿಯದೆ ನೀನು ಹೋದೆ. ಅದಕ್ಕೇ ಬರೆದೆ.

ನಿನ್ನ ತಂಗಿ,
ಶಿವಿ